ಮರದ ಮೇಲೆ ಬಿಳಿ ಬಣ್ಣ: ಬಳಿಯುವ ಮೊದಲು



ಮನೆಯ ಮರದ ನೆಲಕ್ಕೆ ಬಿಳಿ ಬಣ್ಣ ಬಳಿಯಬಹುದೇ? ಕೆ.ಜಿ.ಎಫ್.ನಲ್ಲೋ ಬಂಗಾರಪೇಟೆಯಲ್ಲೋ ಈ ಪ್ರಶ್ನೆ ಕೇಳಿದರೆ ಹಿರಿಯರು ಮೊದಲು ನಕ್ಕಾರು. ನಮ್ಮ ಕಡೆ ನೆಲವೆಂದರೆ ಕಲ್ಲು ಚಪ್ಪಡಿ, ಸಿಮೆಂಟು, ಇಲ್ಲವೇ ರೆಡ್ ಆಕ್ಸೈಡ್ ಹಾಕಿ ನಯಗೊಳಿಸಿದ ಗಾರೆ. ಮರವನ್ನು ಬಾಗಿಲು, ಕಿಟಕಿ, ತೊಲೆಗಳಲ್ಲಿ ಕಾಣುತ್ತೇವೆ. ಕಾಲಿಡುವ ಮರವೆಂದರೆ ಹಳೆಯ ಮನೆಯ ಅಟ್ಟದ ಹಲಗೆ, ಮಹಡಿಯ ಮೆಟ್ಟಿಲು, ಅಂಗಡಿಯ ಮೇಲಿನ ಹಲಗೆ ನೆಲ. ಅಷ್ಟೇ.

ಆದರೆ ಪ್ರಶ್ನೆ ನಗುವಂಥದ್ದಲ್ಲ. ಚಿಕ್ಕ ಮನೆಯಲ್ಲಿ ಓದಲು ಜಾಗ ಹುಡುಕುವ ವಿದ್ಯಾರ್ಥಿಗೆ ಅಟ್ಟವೇ ಕೋಣೆಯಾಗುವುದುಂಟು. ಅಲ್ಲಿ ಒಂದೇ ಕಿಟಕಿ, ಕಪ್ಪಾದ ಹಲಗೆ, ಹಗಲಲ್ಲೂ ದೀಪ ಬೇಕು. ಬಣ್ಣದ ಪುಸ್ತಕಗಳಲ್ಲಿ, ತೆರೆಯ ಮೇಲೆ, ಬೆಳ್ಳಗೆ ಹೊಳೆಯುವ ಹಲಗೆ ನೆಲದ ಕೋಣೆಗಳನ್ನು ನೋಡಿದಾಗ "ನಮ್ಮಲ್ಲೂ ಹೀಗೆ ಮಾಡಬಹುದಲ್ಲ" ಎನ್ನಿಸುವುದು ಸಹಜ. ಮಾಡಬಹುದು. ಆದರೆ ಬ್ರಷ್ ಹಿಡಿಯುವ ಮೊದಲು ಮೂರು ವಿಷಯ ತಿಳಿದಿರಬೇಕು: ಬಿಳಿ ಬಣ್ಣ ಹೇಗೆ ಕೆಲಸ ಮಾಡುತ್ತದೆ, ಮರ ಹೇಗೆ ವರ್ತಿಸುತ್ತದೆ, ಮರದ ಮೇಲೆ ಈಗಾಗಲೇ ಏನಿದೆ. ಈ ಮೂರನೆಯದು ಮನೆಯ ಪುಟ್ಟ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದು.

ಬಿಳಿ ನೆಲದ ತವರು

ಮರದ ನೆಲಕ್ಕೆ ಬಿಳುಪು ಕೊಡುವ ರೂಢಿ ಬಲವಾಗಿರುವುದು ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ನಂಥ ಉತ್ತರದ ದೇಶಗಳಲ್ಲಿ. ಅಲ್ಲಿ ಪೈನ್ ಮತ್ತು ಸ್ಪ್ರೂಸ್ ಮರ ಹೇರಳ, ನೆಲವೂ ಮರದ್ದೇ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಗಲು ಸುಮಾರು 6 ಗಂಟೆ ಮಾತ್ರ. ಅದೇ ದಿನ ಕೋಲಾರದಲ್ಲಿ 11 ಗಂಟೆಗೂ ಹೆಚ್ಚು. ಕಿಟಕಿಯಿಂದ ಬಂದ ಅಲ್ಪ ಬೆಳಕನ್ನು ನೆಲವೇ ನುಂಗಿಬಿಟ್ಟರೆ ಕೋಣೆ ಕತ್ತಲೆ. ಹಳೆಯ ಕಪ್ಪು ಮರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 20 ಪಾಲಿಗಿಂತ ಕಡಿಮೆಯನ್ನೇ ಹಿಂದಿರುಗಿಸುತ್ತದೆ. ಒಳ್ಳೆಯ ಬಿಳಿ ಬಣ್ಣ ನೂರಕ್ಕೆ 80ರ ಆಸುಪಾಸು. ಉತ್ತರದವರ ಬಿಳಿ ನೆಲ ಬರೀ ಶೋಕಿಯಲ್ಲ, ಬೆಳಕಿನ ಉಳಿತಾಯ. ನಮಗೆ ಬಿಸಿಲಿಗೆ ಬರವಿಲ್ಲ. ಆದ್ದರಿಂದ ನಮ್ಮಲ್ಲಿ ಈ ಲೆಕ್ಕ ಅನ್ವಯಿಸುವುದು ಅಟ್ಟ, ಒಳಕೋಣೆಗಳಂಥ ಕತ್ತಲ ಜಾಗಗಳಿಗೆ ಮಾತ್ರ.

ಬಜ್ಜಿ ಕಟ್ಟಿದ ಕಾಗದ ಹೇಳುವ ಪಾಠ

ಬಿಳುಪು ಎಲ್ಲಿಂದ ಬರುತ್ತದೆ? ಬಂಗಾರಪೇಟೆ ನಿಲ್ದಾಣದ ಹೊರಗೆ ಬಿಸಿ ಬಜ್ಜಿ ಕಟ್ಟಿಸಿಕೊಳ್ಳಿ. ಎಣ್ಣೆ ತಾಗಿದ ಕಡೆ ಕಾಗದದ ಬಿಳುಪು ಹೋಗಿ, ಆಚೆಗಿನ ಬೆಳಕು ಕಾಣುತ್ತದೆ. ಎಣ್ಣೆ ಕಾಗದದ ಬಣ್ಣವನ್ನು ತೊಳೆದುಹಾಕಿತೇ? ಇಲ್ಲ. ಕಾಗದದ ನಾರುಗಳಿಗೆ ಮೊದಲಿನಿಂದಲೂ ಬಣ್ಣವಿಲ್ಲ. ಅವು ಹೆಚ್ಚುಕಡಿಮೆ ಪಾರದರ್ಶಕ. ನಾರುಗಳ ನಡುವೆ ಗಾಳಿ ಇದೆ. ಬೆಳಕು ಗಾಳಿಯಿಂದ ನಾರಿಗೆ, ನಾರಿನಿಂದ ಗಾಳಿಗೆ ಹಾಯುವಾಗ ಪ್ರತಿ ಸಲವೂ ಬಾಗುತ್ತದೆ, ಸ್ವಲ್ಪ ಹಿಂದಕ್ಕೂ ಚಿಮ್ಮುತ್ತದೆ. ಹೀಗೆ ಸಾವಿರಾರು ಬಾರಿ ಚದುರಿ ಎಲ್ಲ ಬಣ್ಣಗಳೂ ಸಮನಾಗಿ ಹಿಂದಿರುಗಿದಾಗ ಕಣ್ಣಿಗೆ ಅದು ಬಿಳಿ.

ಈ ಬಾಗುವಿಕೆಯ ಅಳತೆಯೇ ನೀವು ಭೌತಶಾಸ್ತ್ರದಲ್ಲಿ ಓದುವ ವಕ್ರೀಭವನಾಂಕ. ಗಾಳಿಗೆ 1, ನೀರಿಗೆ 1.33, ಅಡುಗೆ ಎಣ್ಣೆಗೆ ಸುಮಾರು 1.47, ಕಾಗದದ ನಾರಿಗೆ ಸುಮಾರು 1.5. ನಾರು ಮತ್ತು ಗಾಳಿಯ ನಡುವೆ ವ್ಯತ್ಯಾಸ ದೊಡ್ಡದು. ಆದ್ದರಿಂದ ಚದುರುವಿಕೆ ಹೆಚ್ಚು. ಗಾಳಿಯ ಜಾಗವನ್ನು ಎಣ್ಣೆ ಹಿಡಿದಾಗ ವ್ಯತ್ಯಾಸ ಬಹುಮಟ್ಟಿಗೆ ಅಳಿದು, ಬೆಳಕು ನೇರವಾಗಿ ಹಾಯ್ದುಹೋಗುತ್ತದೆ.

ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯನ್ನು ನೆನೆಯಿರಿ. ಬಳಿದಾಗ ಮಂಕು, ಒಣಗಿದ ಮೇಲೆ ಬೆಳ್ಳಗೆ. ಕಾರಣ ಅದೇ. ಒದ್ದೆಯಾಗಿದ್ದಾಗ ಸುಣ್ಣದ ಕಣಗಳ ನಡುವೆ ನೀರು, ಒಣಗಿದ ಮೇಲೆ ಗಾಳಿ. ಜೊತೆಗೆ ಅರಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಸುಣ್ಣದ ನೀರಿಗೆ ಅಜ್ಜಿಯರು ಚಿಟಿಕೆ ನೀಲಿ ಬೆರೆಸುವುದರಲ್ಲೂ ವಿಜ್ಞಾನವಿದೆ: ಸುಣ್ಣದಲ್ಲಿ ಉಳಿದ ಹಳದಿ ಛಾಯೆಯನ್ನು ನೀಲಿ ಮರೆಸುತ್ತದೆ.

ಗಣಿಯ ಊರಿನ ಬಿಳಿ ಪುಡಿಗಳು

ಇಲ್ಲಿ ಕೆ.ಜಿ.ಎಫ್.ನ ವಿದ್ಯಾರ್ಥಿ ಒಂದು ಜಾಣ ಪ್ರಶ್ನೆ ಕೇಳಬಹುದು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಇಲ್ಲಿಗೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ಬೆಣಚುಕಲ್ಲನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸೈನೈಡ್ ದಿಬ್ಬಗಳಾಗಿ ಊರಿನ ನಡುವೆ ನಿಂತಿದೆ. ಬೆಣಚುಕಲ್ಲಿನ ಪುಡಿ ಬೆಳ್ಳಗಿರುತ್ತದಲ್ಲ, ಅದನ್ನೇ ಎಣ್ಣೆಯಲ್ಲಿ ಕಲಸಿ ಬಣ್ಣ ಮಾಡಬಾರದೇಕೆ?

ಬಜ್ಜಿ ಕಾಗದವೇ ಉತ್ತರ. ಬೆಣಚುಕಲ್ಲಿನ ವಕ್ರೀಭವನಾಂಕ ಸುಮಾರು 1.54, ಬಣ್ಣಕ್ಕೆ ಬಳಸುವ ಅಗಸೆ ಎಣ್ಣೆಯದು ಸುಮಾರು 1.48. ಗಾಳಿಯಲ್ಲಿ ಬೆಳ್ಳಗೆ ಕಾಣುವ ಪುಡಿ ಎಣ್ಣೆಗೆ ಬಿದ್ದೊಡನೆ ಮಸುಕಾದ ಗಾಜಿನಂತಾಗುತ್ತದೆ; ಕೆಳಗಿನ ಮರವನ್ನು ಮುಚ್ಚುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ನುಣ್ಣನೆಯ ಬೆಣಚು ಧೂಳು ಶ್ವಾಸಕೋಶಕ್ಕೆ ಶತ್ರು. ಗಣಿಯಲ್ಲಿ ದುಡಿದ ಎಷ್ಟೋ ಕುಟುಂಬಗಳಿಗೆ ಸಿಲಿಕೋಸಿಸ್ ಎಂಬ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ದಿಬ್ಬದ ಮಣ್ಣನ್ನು ಯಾವ ಪ್ರಯೋಗಕ್ಕೂ ಮನೆಗೆ ತರಬೇಡಿ.

ಗಣಿಗೂ ಬಣ್ಣಕ್ಕೂ ನಿಜವಾದ ನಂಟು ಬೇರೆ ಎರಡು ವಸ್ತುಗಳಿಂದ. ಮೊದಲನೆಯದು ಸುಣ್ಣ. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ರೂಪಿಸಿದ ಸೈನೈಡ್ ವಿಧಾನದಲ್ಲಿ, ಅರೆದ ಕಲ್ಲಿನೊಂದಿಗೆ ಸುಣ್ಣ ಬೆರೆಸುತ್ತಾರೆ. ದ್ರಾವಣ ಆಮ್ಲೀಯವಾದರೆ ಸೈನೈಡ್ ವಿಷಾನಿಲವಾಗಿ ಹೊರಬರುತ್ತದೆ. ಸುಣ್ಣ ಅದನ್ನು ಪ್ರತ್ಯಾಮ್ಲೀಯವಾಗಿ ಉಳಿಸುತ್ತದೆ. ಎರಡನೆಯದು ಸತು. ದ್ರಾವಣದಲ್ಲಿ ಕರಗಿದ ಚಿನ್ನವನ್ನು ಮರಳಿ ಲೋಹವಾಗಿಸಲು ಸತುವಿನ ಚೂರು ಅಥವಾ ಪುಡಿ ಹಾಕುತ್ತಾರೆ. ಸತು ಕರಗುತ್ತದೆ, ಚಿನ್ನ ಕೆಳಗಿಳಿಯುತ್ತದೆ. ಅದೇ ಸತುವನ್ನು ಗಾಳಿಯಲ್ಲಿ ಉರಿಸಿದರೆ ಬರುವ ಬಿಳಿ ಪುಡಿ ಸತುವಿನ ಆಕ್ಸೈಡ್. ಬಣ್ಣದಲ್ಲೂ, ಗಾಯಕ್ಕೆ ಹಚ್ಚುವ ಮುಲಾಮಿನಲ್ಲೂ ಅದನ್ನು ಬಳಸುತ್ತಾರೆ.

ಸುಣ್ಣವನ್ನೇ ಮರಕ್ಕೂ ಬಳಿದರಾಗದೇ? ಆಗದು. ಸುಣ್ಣ ಗಾರೆಯ ರಂಧ್ರಗಳಲ್ಲಿ ಬೇರೂರಿ ಕಲ್ಲಾಗುತ್ತದೆ. ಮರ ಹಿಗ್ಗಿ ಕುಗ್ಗುವ ವಸ್ತು. ಪೆಡಸಾದ ಸುಣ್ಣದ ಪದರ ಅದರ ಮೇಲೆ ಹಕ್ಕಳೆಯಾಗಿ ಏಳುತ್ತದೆ. ನೆಲದ ಮೇಲಂತೂ ಓಡಾಡಿದಂತೆ ಅಂಗಾಲಿಗೇ ಹತ್ತಿಕೊಳ್ಳುತ್ತದೆ.

ಕಪ್ಪು ಮರಳಿನಿಂದ ಬಂದ ಬಿಳುಪು

ಎಣ್ಣೆಯಲ್ಲಿ ಮುಳುಗಿದರೂ ಬಿಳುಪು ಬಿಡದ ಪುಡಿ ಬೇಕಾದರೆ ಅದರ ವಕ್ರೀಭವನಾಂಕ ಎಣ್ಣೆಗಿಂತ ಬಹಳ ಹೆಚ್ಚಿರಬೇಕು. ಪ್ರಾಚೀನ ಕಾಲದಿಂದ ಆ ಕೆಲಸ ಮಾಡುತ್ತಿದ್ದದ್ದು ಸೀಸದ ಬಿಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸತುವಿನ ಬಿಳಿ ಜೊತೆಗೂಡಿತು. ಎರಡರ ಅಂಕವೂ 2ರ ಆಸುಪಾಸು. ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆ ಮತ್ತು ಅಮೆರಿಕಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ತಯಾರಿಕೆ ಆರಂಭವಾಯಿತು. ಅದರ ರೂಟೈಲ್ ಎಂಬ ಹರಳಿನ ಅಂಕ 2.7, ಅಂದರೆ ವಜ್ರಕ್ಕಿಂತಲೂ ಹೆಚ್ಚು. ತೆಳುವಾದ ಎರಡು ಪದರದಲ್ಲೇ ಕಪ್ಪು ಹಲಗೆಯನ್ನು ಮುಚ್ಚುವ ಶಕ್ತಿ ಅದಕ್ಕಿದೆ. ವಿಷವೂ ಅಲ್ಲ.

ಇದರ ಮೂಲ ನಮ್ಮ ನೆರೆಯಲ್ಲೇ ಇದೆ. ಕೇರಳದ ಕಡಲ ತೀರದ ಕಪ್ಪು ಮರಳಿನಲ್ಲಿ ಇಲ್ಮೆನೈಟ್ ಎಂಬ ಖನಿಜವಿದೆ. ಅದು ಕಬ್ಬಿಣ ಮತ್ತು ಟೈಟಾನಿಯಂಗಳ ಆಕ್ಸೈಡ್. ಗಂಧಕಾಮ್ಲದಿಂದ ಸಂಸ್ಕರಿಸಿ ಕಬ್ಬಿಣವನ್ನು ಬೇರ್ಪಡಿಸಿದರೆ ಉಳಿಯುವುದು ಅಚ್ಚ ಬಿಳಿಯ ಪುಡಿ. 1946ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಈ ಕೆಲಸಕ್ಕಾಗಿಯೇ ಹುಟ್ಟಿದ ಕಾರ್ಖಾನೆ.

ಮರ ಸುಮ್ಮನೆ ಇರುವುದಿಲ್ಲ

ಬಣ್ಣ ಒಳ್ಳೆಯದಾದರೆ ಸಾಲದು. ಕೆಳಗಿನ ಮರದ ಸ್ವಭಾವವನ್ನೂ ತಿಳಿಯಬೇಕು. ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜೂನ್‌ನಲ್ಲಿ ಬಿಗಿಯುವ ಬಾಗಿಲು ಮಾರ್ಚ್‌ನಲ್ಲಿ ಸಲೀಸಾಗಿ ಮುಚ್ಚುವುದನ್ನು ನೋಡಿದ್ದೀರಿ. ಹಸಿ ಮರ ಪೂರ್ತಿ ಒಣಗುವಾಗ ಅಡ್ಡಗಲದಲ್ಲಿ ನೂರಕ್ಕೆ 5ರಿಂದ 10ರಷ್ಟು ಕುಗ್ಗಬಹುದು. ಉದ್ದದಲ್ಲಿ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಹೀಗಾಗಿ ಹಲಗೆ ನೆಲದ ಬಣ್ಣ ಮೊದಲು ಬಿರುಕು ಬಿಡುವುದು ಹಲಗೆಗಳ ಸಂದಿನಲ್ಲಿ. ಸಂದನ್ನು ಗಟ್ಟಿ ಪುಟ್ಟಿಯಿಂದ ಬಿಗಿಯಾಗಿ ತುಂಬಿದರೆ ಮುಂದಿನ ಬೇಸಿಗೆಯಲ್ಲಿ ಅದು ಉದುರುತ್ತದೆ. ಸಂದು ಕಾಣುವುದು ಮರದ ನೆಲದ ಲಕ್ಷಣವೇ ಎಂದು ಒಪ್ಪಿಕೊಳ್ಳುವುದು ಮೇಲು.

ಎರಡನೆಯದು, ಮರದೊಳಗಿನ ಬಣ್ಣ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಣ್ಣ ತಿರುಗಿರುತ್ತದೆ. ಹಲಸಿನ ಮರದ ಹೊಟ್ಟಿನಿಂದ ಬಟ್ಟೆಗೆ ಹಳದಿ ಬಣ್ಣ ಹಾಕುವುದುಂಟು. ಇಂಥ ಮರಕ್ಕೆ ನೀರು ಬೆರೆತ ಬಿಳಿ ಬಣ್ಣವನ್ನು ನೇರವಾಗಿ ಬಳಿದರೆ, ನೀರು ಮರದ ಬಣ್ಣವನ್ನು ಮೇಲಕ್ಕೆಳೆದು ಹಳದಿ, ಕಂದು ಕಲೆಗಳನ್ನು ಮೂಡಿಸುತ್ತದೆ. ಎಷ್ಟು ಪದರ ಬಳಿದರೂ ಕಲೆ ಮತ್ತೆ ಏಳುತ್ತದೆ. ತೇಗದ ತೊಂದರೆ ಬೇರೆ: ಅದರೊಳಗಿನ ಜಿಡ್ಡು ಎಣ್ಣೆ ಬಣ್ಣವನ್ನು ಬೇಗ ಒಣಗಲು ಬಿಡುವುದಿಲ್ಲ. ಪರಿಹಾರ, ಮೊದಲು ಒಂದು ತಡೆಪದರ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಷ್ ಇಲ್ಲವೇ ಕಲೆ ತಡೆಯುವ ಪ್ರೈಮರ್ ಈ ಕೆಲಸ ಮಾಡುತ್ತದೆ.

ಮೂರನೆಯದು, ಹಳದಿಯಾಗುವುದು. ಬಿಳಿ ಎನಾಮೆಲ್ ಬಳಿದ ಬಾಗಿಲಿನ ಮೇಲೆ ವರ್ಷವಿಡೀ ತೂಗಿದ ಕ್ಯಾಲೆಂಡರನ್ನು ತೆಗೆದು ನೋಡಿ. ಅದರ ಅಡಿಯ ಚೌಕ ಸುತ್ತಲಿಗಿಂತ ಹಳದಿ. ಅಗಸೆ ಎಣ್ಣೆಯಂಥ ಎಣ್ಣೆಯಿಂದಾದ ಬಣ್ಣ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿನಲ್ಲಿ ಬಿಳುಪು ಉಳಿಸಿಕೊಳ್ಳುತ್ತದೆ. ಅಟ್ಟದಂಥ ಕತ್ತಲ ಜಾಗಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಜಾತಿಯ ನೆಲದ ಬಣ್ಣವೇ ಸೂಕ್ತ ಎನ್ನುವುದು ಇದಕ್ಕೇ.

ಕೊನೆಯದು ಸವೆತ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚುಕಲ್ಲಿಗೆ 7, ಸಾಧಾರಣ ಗಾಜಿಗೆ ಸುಮಾರು 5.5. ನಮ್ಮ ಬೀದಿಯ ಮಣ್ಣಿನಲ್ಲಿ ಬೆಣಚು ಕಣ ಇದ್ದೇ ಇರುತ್ತದೆ. ಚಪ್ಪಲಿಯ ಅಡಿ ಸಿಕ್ಕಿದ ಒಂದು ಕಣ ಬಣ್ಣವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಕೋಲಾರದ ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡ್ ಆ ಗೀರುಗಳಲ್ಲಿ ಕೂತರೆ ತೊಳೆದರೂ ಹೋಗುವುದು ಕಷ್ಟ. ಚಪ್ಪಲಿ ಹೊರಗೆ ಬಿಡುವ ನಮ್ಮ ರೂಢಿ ಇಲ್ಲಿ ದೊಡ್ಡ ಉಪಕಾರ.

ಹಳೆಯ ಬಣ್ಣದಲ್ಲಿ ಅಡಗಿದ ಸೀಸ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಸ ಬಣ್ಣ ಹಿಡಿಯಲೆಂದು ಹಳೆಯ ಬಣ್ಣವನ್ನು ಕೆರೆದು, ಉಜ್ಜಿ ತೆಗೆಯುತ್ತಾರೆ. ರಜೆಯಲ್ಲಿ ಈ ಕೆಲಸ ಬೀಳುವುದು ಮನೆಯ ವಿದ್ಯಾರ್ಥಿಗಳ ಮೇಲೆಯೇ. ಆ ಧೂಳಿನಲ್ಲಿ ಸೀಸ ಇರಬಹುದು.

ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲದಲ್ಲಿ ಮರಕ್ಕೆ ಬಳಿಯುವ ಬಿಳಿ ಬಣ್ಣವೆಂದರೆ ಲೋಕದೆಲ್ಲೆಡೆ ಬಹುಮಟ್ಟಿಗೆ ಸೀಸದ ಬಿಳಿಯೇ. ಬಣ್ಣ ಬಳಿಯುವವರಿಗೆ ಅದರಿಂದ ಆಗುವ ಹಾನಿಯನ್ನು ಕಂಡು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿ ಜಿನೀವಾದಲ್ಲಿ ಸೀಸದ ಬಿಳಿಯ ಬಳಕೆಗೆ ಕಡಿವಾಣ ಹಾಕುವ ಒಡಂಬಡಿಕೆಯನ್ನೇ ಮಾಡಿತು. ಸೀಸದ ಬಿಳಿ ಹಿಂದೆ ಸರಿದರೂ ಸೀಸ ಹೋಗಲಿಲ್ಲ. ಹಳದಿ, ಕಿತ್ತಳೆ, ಕೆಂಪು ಎನಾಮೆಲ್‌ಗಳಲ್ಲಿ ಲೆಡ್ ಕ್ರೋಮೇಟ್ ಆಗಿ, ಬೇಗ ಒಣಗಿಸುವ ಲವಣವಾಗಿ ಬಹುಕಾಲ ಉಳಿಯಿತು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಬಳಿದ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು ಎಂದೇ ಭಾವಿಸಿ ನಡೆಯಬೇಕು. ನೋಡಿದರೆ, ಮೂಸಿದರೆ ತಿಳಿಯುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಸೀಸ ದೇಹದಲ್ಲಿ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮೂಳೆಯಲ್ಲಿ ಸೇರಿಕೊಳ್ಳುತ್ತದೆ, ಬೆಳೆಯುವ ಮೆದುಳಿನ ನರಗಳ ಸಂಪರ್ಕವನ್ನು ಕೆಡಿಸುತ್ತದೆ, ರಕ್ತ ತಯಾರಾಗುವುದಕ್ಕೆ ಅಡ್ಡಿ ಮಾಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರು ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳು ಹೀರಬಲ್ಲರು. ಅಂಬೆಗಾಲಿಡುವ ಕೂಸು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಜ್ವರ, ನೋವು ಏನೂ ಕಾಣಿಸದೆ, ವರ್ಷಗಳ ನಂತರ ಕಲಿಕೆಯಲ್ಲಿ ಹಿಂದುಳಿಯುವುದಾಗಿ ಅದು ಹೊರಬೀಳಬಹುದು. ಇಷ್ಟು ಸೀಸವಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ಪಟ್ಟು ಹಿಡಿದು ಕೆಲಸ ಮಾಡಿದರು. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ಸೇರಿತು. ಮರುವರ್ಷ, 2000ದಲ್ಲಿ, ದೇಶದ ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು. ಬಣ್ಣದ ನಿಯಮ ಬರಲು ಇನ್ನೂ ಹದಿನೇಳು ವರ್ಷ ಬೇಕಾಯಿತು.

ಹಾಗಾದರೆ ಮಾಡುವುದೇನು?

ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೆರೆಯಬೇಡಿ. ಸೋಪಿನ ನೀರಿನಿಂದ ಜಿಡ್ಡು ತೊಳೆದು, ಒದ್ದೆ ಮಾಡಿಯೇ ನೀರಿಗೆ ತಡೆಯುವ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಒಣಗಿದ ಮೇಲೆ ಪ್ರೈಮರ್ ಬಳಿಯಿರಿ. ಹಳೆಯದನ್ನು ಹೊಸ ಪದರದಡಿ ಮುಚ್ಚಿಡುವುದು ಕಿತ್ತು ಚೆಲ್ಲುವುದಕ್ಕಿಂತ ಕ್ಷೇಮ.

ಬಣ್ಣ ಎದ್ದು ಉದುರುತ್ತಿದ್ದರೆ ನೀರು ಚಿಮುಕಿಸಿ ಒದ್ದೆ ಇರುವಾಗಲೇ ಕೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು. ಒಣ ಉಪ್ಪುಕಾಗದ, ಉಜ್ಜುವ ಯಂತ್ರ, ಬೆಂಕಿಯ ದೀಪ ಯಾವುದೂ ಬೇಡ; ಬೆಂಕಿ ತಾಗಿಸಿದರೆ ಸೀಸ ಹೊಗೆಯಾಗಿ ಏಳುತ್ತದೆ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮುಖಕ್ಕೆ ಕಟ್ಟಿಕೊಳ್ಳುವ ಕರವಸ್ತ್ರ ಈ ಧೂಳನ್ನು ತಡೆಯುವುದಿಲ್ಲ. ಧೂಳಿಗೆಂದೇ ಮಾಡಿದ ಮಾಸ್ಕ್ ಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು ಕೆಲಸ ಮುಗಿಯುವವರೆಗೆ ಆ ಮನೆಯಲ್ಲಿ ಇರದಿದ್ದರೆ ಒಳ್ಳೆಯದು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಊಟಕ್ಕೆ ಮೊದಲು ಕೈ, ಮುಖ ತೊಳೆಯಿರಿ. ಉದುರಿದ ಚೂರುಗಳನ್ನು ಕಟ್ಟಿ ಬೇರೆಯಾಗಿಟ್ಟು, ಅಪಾಯಕಾರಿ ಕಸವೆಂದು ಹೇಳಿ ಪುರಸಭೆ ಅಥವಾ ನಗರಸಭೆಯವರಿಗೆ ಒಪ್ಪಿಸಿ. ಹಿತ್ತಲಲ್ಲಿ ಹೂಳುವುದು, ನೀರೊಲೆಗೆ ಹಾಕುವುದು ಸಲ್ಲದು. ನೆಲದ ಬಣ್ಣ ತೀರ ಹಾಳಾಗಿದ್ದು ಮನೆಯಲ್ಲಿ ಕೂಸಿದ್ದರೆ, ಅದರ ಮೇಲೆ ಲಿನೋಲಿಯಂ ಅಥವಾ ಪ್ಲೈವುಡ್ ಹಾಸುವುದು ಜಾಣತನ. ಬಾಗಿಲು, ಕಿಟಕಿಗಳ ಉಜ್ಜುವ ಅಂಚುಗಳಲ್ಲೂ ಧೂಳು ಹುಟ್ಟುತ್ತದೆ. ಅಲ್ಲಿಯೂ ಇದೇ ಎಚ್ಚರ.

ಬಣ್ಣವೇ ಕಾಣದ ಬರಿಯ ಮರವಾದರೆ ದಾರಿ ಸುಲಭ. ಒಣ ಹವೆಯ ದಿನ ಆರಿಸಿ. ಎದ್ದ ಮೊಳೆ ಬಡಿದು, ನಾರಿನ ದಿಕ್ಕಿನಲ್ಲೇ ಉಜ್ಜಿ, ಧೂಳು ಒರೆಸಿ, ತಡೆಪದರ ಬಳಿಯಿರಿ. ಅದರ ಮೇಲೆ ನೆಲಕ್ಕೆಂದೇ ಮಾಡಿದ ಬಿಳಿ ಬಣ್ಣದ ಎರಡು ತೆಳು ಪದರ, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು. ದಪ್ಪನಾದ ಒಂದು ಪದರ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದು ಸುಕ್ಕುಗಟ್ಟುತ್ತದೆ. ಬಳಿಯುವುದನ್ನು ಬಾಗಿಲಿನಿಂದ ದೂರದ ಮೂಲೆಯಲ್ಲಿ ಆರಂಭಿಸಿ ಹೊರಗೆ ಬನ್ನಿ. ಮುಟ್ಟಿದರೆ ಅಂಟದಿರಲು ಕೆಲವು ಗಂಟೆ ಸಾಕು. ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಟ್ರಂಕು, ಮೇಜು ಎಳೆಯಬೇಡಿ. ಕಿಟಕಿ, ಬಾಗಿಲು ತೆರೆದಿರಲಿ.

ನೀವೇ ಮಾಡಿ ನೋಡಿ

1. ಬಿಳಿ ಕಾಗದದ ಎರಡು ತುಂಡುಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಎಣ್ಣೆ ಹಚ್ಚಿ ಬೆಳಕಿಗೆ ಹಿಡಿಯಿರಿ. ಯಾವುದು ಹೆಚ್ಚು ಪಾರದರ್ಶಕ? ಮೇಲೆ ಹೇಳಿದ ಅಂಕಗಳಿಂದ ಕಾರಣ ಬರೆಯಿರಿ.

2. ನಿಮ್ಮ ಮನೆಯ ಹಲಗೆಯೊಂದರ ಸಂದನ್ನು ಪ್ರತಿ ತಿಂಗಳು ಮಿಲಿಮೀಟರಿನಲ್ಲಿ ಅಳೆದು ಒಂದು ವರ್ಷದ ಆಲೇಖ ಎಳೆಯಿರಿ.

3. ಮನೆಯ ಯಾವ ಬಾಗಿಲು, ಕಿಟಕಿ, ಹಲಗೆಗೆ ಯಾವ ವರ್ಷ ಬಣ್ಣ ಬಳಿದರೆಂದು ಹಿರಿಯರನ್ನು ಕೇಳಿ ಪಟ್ಟಿ ಮಾಡಿ. 2017ಕ್ಕಿಂತ ಹಳೆಯದಾಗಿದ್ದು ಉದುರುತ್ತಿರುವವು ಯಾವುವು? ಅವುಗಳ ಹತ್ತಿರ ಆಡುವ ಮಕ್ಕಳು ಯಾರು? ಮುಂದಿನ ಹಬ್ಬಕ್ಕೆ ಬಣ್ಣದ ಕೆಲಸ ತೊಡಗುವ ಮೊದಲು ಈ ಪಟ್ಟಿಯನ್ನು ಮನೆಯವರ ಮುಂದಿಡಿ.